ಮಗಳು ಕೇಳಿದ ಒಂದು ಪ್ರಶ್ನೆ

ಎದೆಯೆತ್ತರಕ್ಕೆ ಬೆಳೆದ ಮಗನನ್ನು ಗೆಳೆಯನಂತೆ ಕಾಣಬೇಕೆಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಎದೆಯೆತ್ತರಕ್ಕೆ ಬೆಳೆದ ಮಗಳನ್ನು ಹೇಗೆ ಕಾಣಬೇಕೆಂಬುದನ್ನು ಮಾತ್ರ ಅವರು ಅಷ್ಟು ಬಿಚ್ಚಿ ಹೇಳಿದಂತೆ ತೋರುವುದಿಲ್ಲ. ಹೇಳಿದ ಮಾತುಗಳಿದ್ದರೂ ಅವು ಎಚ್ಚರಿಕೆಯ ಮಾತುಗಳು. ಬೆಳೆದ ಮಗಳೆಂದರೆ ಉಡಿಯಲ್ಲಿ ಕಟ್ಟಿಕೊಂಡ ಕೆಂಡವೆಂದು ನಮ್ಮ ಕಡೆಯ ತಾಯಂದಿರು ಇಂದಿಗೂ ನಿಟ್ಟುಸಿರಿಡುವುದುಂಟು. ಕೆಂಡವನ್ನು ಯಾರೂ ಮಾತನಾಡಿಸುವುದಿಲ್ಲ. ಅದು ಎಲ್ಲಿ ಸುಟ್ಟೀತೋ ಎಂದು ಕಾಯುತ್ತಾರೆ, ಅಷ್ಟೆ.

ನಮ್ಮ ಮನೆಯಲ್ಲಿಯೂ ಹದಿಮೂರು ತುಂಬಿದ ಮಗಳೊಬ್ಬಳಿದ್ದಾಳೆ. ಎಂಟನೆಯ ಇಯತ್ತೆಯಲ್ಲಿ ಓದುತ್ತಿದ್ದಾಳೆ. ಕಳೆದ ದಸರೆಯ ರಜೆಯಲ್ಲಿ ಅವಳೊಡನೆ ಕುಳಿತು ಒಂದು ಚಿತ್ರವನ್ನು ನೋಡಿದೆವು. ಚಿತ್ರ ಮುಗಿದ ಮೇಲೆ ಅವಳು ಒಂದು ಪ್ರಶ್ನೆಯನ್ನು ಕೇಳಿದಳು. ಅದಕ್ಕೆ ಉತ್ತರ ಕೊಡಲು ನಮಗೆ, ನಮ್ಮ ಯಜಮಾನರಿಗೆ, ನಮ್ಮ ಅತ್ತೆಯವರಿಗೆ, ಒಟ್ಟಿನಲ್ಲಿ ಇಡೀ ಮನೆಗೆ, ನಾಲ್ಕೈದು ತಿಂಗಳು ಹಿಡಿಯಿತು. ಮನೆಯ ಮಾತನ್ನು ಪತ್ರಿಕೆಯಲ್ಲಿ ಬರೆಯಬಹುದೇ ಎಂಬ ಸಂಕೋಚ ನಮಗಿತ್ತು. ಮಗಳನ್ನೇ ಕೇಳಿದೆವು. "ಬರಿ, ಆದ್ರ ನನ್ನ ಹೆಸರ ಹಾಕಬ್ಯಾಡ" ಎಂದಳು. ಆ ಕರಾರಿನ ಮೇಲೆ ಈ ಲೇಖನ.

ಕೆಂಪು ಪಾಂಡಾದ ಕಥೆ

ಆ ಚಿತ್ರದ ಹೆಸರು 'ಟರ್ನಿಂಗ್ ರೆಡ್'. ಕೆಂಪಗಾಗುವುದು ಎಂದು ಅದರ ಅರ್ಥ. ಅಮೆರಿಕದ ಪಿಕ್ಸಾರ್ ಸಂಸ್ಥೆಯು 2022ರಲ್ಲಿ ಹೊರತಂದ ಅನಿಮೇಷನ್ ಚಿತ್ರವಿದು. ನಿರ್ದೇಶಕಿ ಡೋಮಿ ಶಿ ಅವರು ಚೀನಾದಲ್ಲಿ ಹುಟ್ಟಿ ಕೆನಡಾ ದೇಶದ ಟೊರಾಂಟೊದಲ್ಲಿ ಬೆಳೆದವರು. ಅವರ 'ಬಾವ್' ಎಂಬ ಕಿರುಚಿತ್ರಕ್ಕೆ 2019ರಲ್ಲಿ ಆಸ್ಕರ್ ಪ್ರಶಸ್ತಿ ಸಂದಿತ್ತು. ಪಿಕ್ಸಾರ್ ಸಂಸ್ಥೆಯ ಪೂರ್ಣಪ್ರಮಾಣದ ಚಿತ್ರವೊಂದನ್ನು ಮಹಿಳೆಯೊಬ್ಬರು ಒಂಟಿಯಾಗಿ ನಿರ್ದೇಶಿಸಿದ್ದು 'ಟರ್ನಿಂಗ್ ರೆಡ್' ಮೂಲಕವೇ ಮೊದಲು. ಮಕ್ಕಳ ಕಾರ್ಟೂನೆಂದು ತಿಳಿದು ಕುಳಿತ ನಮಗೆ, ಇದು ತಾಯಂದಿರ ಚಿತ್ರವೆಂಬುದು ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

ಕಥೆ ನಡೆಯುವುದು 2002ರ ಟೊರಾಂಟೊದಲ್ಲಿ, ಅಲ್ಲಿನ ಚೀನೀಯರ ಓಣಿಯಲ್ಲಿ. ಮೇ ಲೀ ಎಂಬ ಹದಿಮೂರರ ಹುಡುಗಿ ಓದಿನಲ್ಲಿ ಮುಂದು, ಮನೆಗೆಲಸದಲ್ಲಿ ಮುಂದು, ತಾಯಿಯ ಮಾತನ್ನು ಮೀರದವಳು. ಅವರ ಮನೆತನಕ್ಕೆ ಸೇರಿದ ಒಂದು ಗುಡಿಯಿದೆ. ಅಲ್ಲಿ ಪೂಜೆಗೊಳ್ಳುವುದು ದೇವರಲ್ಲ, ಮನೆತನದ ಹಿರಿಯರು. ಶಾಲೆ ಬಿಟ್ಟೊಡನೆ ಮೇ ಓಡಿಬಂದು ತಾಯಿಯೊಡನೆ ಆ ಗುಡಿಯ ಕಸ ಗುಡಿಸುತ್ತಾಳೆ, ಬಂದವರಿಗೆ ಗುಡಿಯನ್ನು ತೋರಿಸುತ್ತಾಳೆ. ಓದುಗ ತಾಯಂದಿರು ಇಂಥ ಮಗಳನ್ನು ಬಲ್ಲರು. "ನಮ್ಮಾಕಿ ಬಂಗಾರದಂಥಾ ಹುಡುಗಿ" ಎಂದು ನಾವು ನೆರೆಹೊರೆಯಲ್ಲಿ ಹೇಳಿಕೊಳ್ಳುವ ಮಗಳು ಅವಳು.

ಒಂದು ದಿನ ಬೆಳಗಾಗುವಷ್ಟರಲ್ಲಿ ಆ ಹುಡುಗಿ ದೊಡ್ಡದೊಂದು ಕೆಂಪು ಪಾಂಡಾ ಆಗಿಬಿಟ್ಟಿರುತ್ತಾಳೆ. ಮೈತುಂಬ ಕೂದಲು, ಹೊಸ ವಾಸನೆ, ತಡೆಯಲಾಗದ ಸಿಟ್ಟು, ತಡೆಯಲಾಗದ ಅಳು. ಕೆಂಪು ಪಾಂಡಾ ನಮ್ಮ ದೇಶದ ಪೂರ್ವ ಹಿಮಾಲಯದ ಕಾಡುಗಳಲ್ಲಿಯೂ ಇರುವ ಪ್ರಾಣಿ. ಸಿಕ್ಕಿಂ ಅದನ್ನು ತನ್ನ ರಾಜ್ಯಪ್ರಾಣಿಯೆಂದು ಗೌರವಿಸುತ್ತದೆ. ಆದರೆ ಚಿತ್ರದಲ್ಲಿ ಅದು ಬರಿಯ ಪ್ರಾಣಿಯಲ್ಲವೆಂಬುದನ್ನು ತಾಯಂದಿರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಗಳು ಬಚ್ಚಲುಮನೆಯಲ್ಲಿ ಬಾಗಿಲಿಕ್ಕಿಕೊಂಡು ಅಳುವುದನ್ನು ಕೇಳಿದ ತಾಯಿ ಮಿಂಗ್, ಮಗಳು ಮೈನೆರೆದಳೆಂದೇ ತಿಳಿಯುತ್ತಾಳೆ. ಕೈತುಂಬ ಪ್ಯಾಡುಗಳ ಪೊಟ್ಟಣ ಹಿಡಿದು ಬರುತ್ತಾಳೆ. ಅಷ್ಟೇ ಆಗಿದ್ದರೆ ಚೆನ್ನಾಗಿತ್ತು. ಮರುಗಳಿಗೆಗೆ ಆ ತಾಯಿ ಮಗಳ ಶಾಲೆಗೇ ಹೋಗಿ, ಇಡೀ ವರ್ಗದ ಮಕ್ಕಳ ಎದುರಿಗೆ ಆ ಪೊಟ್ಟಣವನ್ನು ಎತ್ತಿ ತೋರಿಸುತ್ತಾಳೆ. ಮಗಳು ನೆಲದೊಳಗೆ ಇಳಿದುಹೋಗಲು ಹವಣಿಸುತ್ತಾಳೆ.

ಮುಂದೆ ತಿಳಿಯುವ ಸಂಗತಿಯೆಂದರೆ, ಆ ಮನೆತನದ ಹೆಣ್ಣುಮಕ್ಕಳೆಲ್ಲರಿಗೂ ಪ್ರಾಯಕ್ಕೆ ಬಂದಾಗ ಹೀಗೆಯೇ ಆಗಿತ್ತು. ಹಿಂದೊಮ್ಮೆ ಯುದ್ಧದ ಕಾಲದಲ್ಲಿ, ಗಂಡಸರೆಲ್ಲ ಊರು ಬಿಟ್ಟು ಹೋದಾಗ, ಮಕ್ಕಳನ್ನೂ ಊರನ್ನೂ ಕಾಪಾಡಲೆಂದು ಅವರ ಮೂಲಪುರುಷಿಯೊಬ್ಬಳು ಬೇಡಿ ಪಡೆದ ವರವದು. ಮನೆತನ ಹೊಸ ದೇಶಕ್ಕೆ ವಲಸೆ ಬಂದ ಮೇಲೆ ಆ ವರವೇ ತೊಡಕೆನಿಸಿತು. ಆದ್ದರಿಂದ ಕೆಂಪು ಚಂದ್ರನ ಇರುಳಿನಲ್ಲಿ ಒಂದು ವಿಧಿಯನ್ನು ನಡೆಸಿ, ಒಳಗಿನ ಪಾಂಡಾವನ್ನು ಒಂದು ತಾಯಿತದೊಳಗೆ ಬಂಧಿಸಿಬಿಡುವ ಪದ್ಧತಿ ಬೆಳೆಯಿತು. ಅಜ್ಜಿಯೂ ಹಾಗೆ ಮಾಡಿದ್ದಳು, ತಾಯಿಯೂ ಮಾಡಿದ್ದಳು. ಈಗ ಮಗಳ ಸರದಿ.

ಕೊನೆಗೆ ಬರುವ ಒಂದು ಸನ್ನಿವೇಶವನ್ನು ಮಾತ್ರ ಹೇಳಿ ಕಥೆಯನ್ನು ಬಿಡುತ್ತೇವೆ. ಸಿಟ್ಟಿನಲ್ಲಿ ತಾಯಿಯ ತಾಯಿತವೇ ಒಡೆದು, ಅವಳೊಳಗಿನ ಪಾಂಡಾ ಗುಡ್ಡದಂತೆ ಬೆಳೆದು ನಿಲ್ಲುತ್ತದೆ. ಅನಂತರ ಬಿದಿರ ಮೆಳೆಗಳ ನಡುವೆ ಮೇ ತನ್ನ ತಾಯಿಯನ್ನು ಕಾಣುತ್ತಾಳೆ. ಆದರೆ ಅಲ್ಲಿರುವುದು ತಾಯಿಯಲ್ಲ, ತನ್ನಷ್ಟೇ ಪ್ರಾಯದ ಒಬ್ಬ ಹುಡುಗಿ. ತನ್ನ ಅವ್ವನ ಮನಸ್ಸಿಗೆ ಒಪ್ಪುವಂತೆ ಎಷ್ಟು ಮಾಡಿದರೂ ಸಾಲದಾಯಿತೆಂದು ಅವಳು ಬಿಕ್ಕಿ ಬಿಕ್ಕಿ ಅಳುತ್ತಿರುತ್ತಾಳೆ. ಮಗಳು ಆ ಹುಡುಗಿಯ ಕೈಹಿಡಿದು ನಡೆಸಿಕೊಂಡು ಹೋಗುತ್ತಾಳೆ; ನಡೆಯುತ್ತ ನಡೆಯುತ್ತ ಆ ಹುಡುಗಿ ಬೆಳೆದು ತಾಯಿಯಾಗುತ್ತಾಳೆ.

ನಮ್ಮ ಪಡಸಾಲೆಯಲ್ಲಿ

ಅಂದು ನಮ್ಮ ಪಡಸಾಲೆಯಲ್ಲಿ ನಾಲ್ವರು ಕುಳಿತಿದ್ದೆವು: ಮಗಳು, ನಾವು, ನಮ್ಮ ಯಜಮಾನರು, ಮತ್ತು ಮೂಲೆಯ ಮಂಚದ ಮೇಲೆ ಬತ್ತಿ ಹೊಸೆಯುತ್ತಿದ್ದ ನಮ್ಮ ಅತ್ತೆಯವರು. ಇಂಗ್ಲಿಷ್ ತಿಳಿಯದ ಅತ್ತೆಯವರಿಗೆ ಮೊಮ್ಮಗಳು ಆಗಾಗ ಕಥೆ ಹೇಳುತ್ತಿದ್ದಳು.

ಪ್ಯಾಡಿನ ಪೊಟ್ಟಣದ ದೃಶ್ಯ ಬಂದೊಡನೆ ಯಜಮಾನರಿಗೆ ಯಾರಿಗೋ ಫೋನು ಮಾಡುವುದು ನೆನಪಾಯಿತು. ಎದ್ದು ಅಂಗಳಕ್ಕೆ ನಡೆದರು. ನಮಗೂ ಒಲೆಯ ಮೇಲೆ ಹಾಲಿಟ್ಟ ನೆನಪಾಯಿತು. ಹಾಲು ಇಟ್ಟಿರಲೇ ಇಲ್ಲವೆಂಬುದು ಅಡುಗೆಮನೆಗೆ ಹೋದ ಮೇಲೆ ತಿಳಿಯಿತು. ಬರಿಗೈಯಲ್ಲಿ ಹಿಂದಿರುಗಿದಾಗ ಮಗಳು ಚಿತ್ರವನ್ನು ನಿಲ್ಲಿಸಿ ನಮಗಾಗಿ ಕಾಯುತ್ತಿದ್ದಳು. "ಕುಂದ್ರವ್ವಾ, ನೀ ಇಲ್ದ ನಾ ಒಬ್ಬಾಕೀನ ನೋಡೂದಿಲ್ಲ" ಎಂದಳು.

ಆಗ ನಮಗೆ ಹಳೆಯದೊಂದು ಭಾನುವಾರ ನೆನಪಾಯಿತು. ನಾವು ಮಗಳ ಪ್ರಾಯದವರಾಗಿದ್ದಾಗ ಟಿ.ವಿ.ಯಲ್ಲಿ 'ಫಣಿಯಮ್ಮ' ಚಿತ್ರವನ್ನು ನೋಡಿದ್ದೆವು. ಎಂ. ಕೆ. ಇಂದಿರಾ ಅವರ ಕಾದಂಬರಿಯನ್ನು ಆಧರಿಸಿ ಪ್ರೇಮಾ ಕಾರಂತರು 1983ರಲ್ಲಿ ನಿರ್ದೇಶಿಸಿದ ಚಿತ್ರವದು. ಬಾಲ್ಯದಲ್ಲಿಯೇ ವಿಧವೆಯಾದ ಹುಡುಗಿ ಮೈನೆರೆದ ಮೇಲೆ ಅವಳ ತಲೆಗೂದಲನ್ನು ತೆಗೆಸುತ್ತಾರೆ. ಅದನ್ನು ನೋಡುತ್ತ ನಮ್ಮ ಗಂಟಲು ಕಟ್ಟಿ ಬಂದು, ಅವ್ವನ ಮುಖವನ್ನು ನೋಡಬೇಕೆಂದು ತಿರುಗಿದರೆ, ಅವ್ವ ಅಲ್ಲಿರಲಿಲ್ಲ. ಅವರಿಗೂ ಒಲೆಯ ಮೇಲೆ ಏನೋ ಇಟ್ಟ ನೆನಪಾಗಿತ್ತು. ಆ ಹುಡುಗಿಗೆ ಹಾಗೇಕೆ ಮಾಡಿದರೆಂದು ನಾವು ಕೇಳಲಿಲ್ಲ, ಅವರು ಹೇಳಲಿಲ್ಲ. ಮುಂದೆ ನಾಲ್ಕು ತಿಂಗಳಿಗೆ ನಾವು ದೊಡ್ಡವರಾದಾಗಲೂ ಉಡಿ ತುಂಬಿದರು, ಕೊಬ್ಬರಿ ಬೆಲ್ಲ ತಿನ್ನಿಸಿದರು, ಆರತಿ ಬೆಳಗಿದರು. ಆದದ್ದೇನೆಂಬುದನ್ನು ಮಾತ್ರ ಯಾರೂ ಹೇಳಲಿಲ್ಲ. ಅವ್ವ ತಮ್ಮ ಅವ್ವನಿಂದ ಪಡೆದ ಮೌನವನ್ನು ನಮಗೆ ಕೊಟ್ಟಿದ್ದರು. ನಾವು ಅದನ್ನೇ ಹಿಡಿದುಕೊಂಡು ಅಡುಗೆಮನೆಗೆ ಓಡಿದ್ದೆವು.

ಕುಳಿತೆವು. ಕೊನೆಯವರೆಗೂ ಏಳಲಿಲ್ಲ. ಬಿದಿರ ಮೆಳೆಯಲ್ಲಿ ಆ ಹುಡುಗಿ ಅಳುವಾಗ ಮಗಳು ನಮ್ಮ ಕೈಯನ್ನು ಹಿಡಿದಳು. ಯಜಮಾನರೂ ಒಳಗೆ ಬಂದು ಬಾಗಿಲ ಬಳಿ ನಿಂತಿದ್ದರು.

ಚಿತ್ರ ಮುಗಿದ ಮೇಲೆ

ದೀಪ ಹಾಕಿದೆವು. ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು:

"ಅವ್ವಾ, ನಮ್ಮ ಧರ್ಮದಾಗ ಐದೂ ಸೂತಕ ಇಲ್ಲಂತ ಬಸವ ಜಯಂತಿ ದಿನಾ ನೀನ ಮೈಕಿನ್ಯಾಗ ಹೇಳಿದ್ದೆಲ್ಲ? ಹಂಗಿದ್ರ ಶ್ರಾವಣ ಸೋಮವಾರ ನನ್ನ ಯಾಕ ಒಳಗ ಕುಂದ್ರಿಸಿದಿ?"

ಬಂಧುಗಳೇ, ಆ ಕ್ಷಣದಲ್ಲಿ ನಮಗಾದ ನಾಚಿಕೆಯನ್ನು ಬಚ್ಚಿಡುವುದಿಲ್ಲ. ಅವಳು ಹೇಳಿದ್ದು ಅಕ್ಷರಶಃ ನಿಜ. ಹಲವು ವರ್ಷಗಳಿಂದ ಅಕ್ಕನ ಬಳಗದ ಸಭೆಗಳಲ್ಲಿ ನಾವು ವಚನಗಳನ್ನು ಕುರಿತು ಮಾತನಾಡುತ್ತ ಬಂದಿದ್ದೇವೆ. ಜನನ, ಮರಣ, ಜಾತಿ, ಎಂಜಲು, ರಜಸ್ಸು ಎಂಬ ಐದು ಸೂತಕಗಳನ್ನು ಶರಣರು ತಳ್ಳಿಹಾಕಿದರೆಂದು, ಇಷ್ಟಲಿಂಗವನ್ನು ಧರಿಸಿದ ಹೆಣ್ಣಿಗೆ ತಿಂಗಳ ಯಾವ ದಿನವೂ ಮೈಲಿಗೆಯ ದಿನವಲ್ಲವೆಂದು, ಹನ್ನೆರಡನೆಯ ಶತಮಾನದಲ್ಲಿ ಇಂಥ ಮಾತನ್ನಾಡಲು ಎಂಥ ಎದೆಗಾರಿಕೆ ಬೇಕಾಗಿತ್ತೆಂದು ಚಪ್ಪಾಳೆ ಬೀಳುವಂತೆ ಹೇಳಿದ್ದೇವೆ. ಆ ಸಭೆಯ ಮುಂದಿನ ಸಾಲಿನಲ್ಲಿಯೇ ಮಗಳು ಕುಳಿತಿದ್ದಳು.

ಆದರೆ ಶ್ರಾವಣದ ಸೋಮವಾರ ನೆಂಟರಿಷ್ಟರೆಲ್ಲ ಸೇರಿ ನಮ್ಮ ಮನೆಯಲ್ಲಿ ಸಾಮೂಹಿಕ ಲಿಂಗಪೂಜೆಗೆ ಕುಳಿತಾಗ, ಬೆಳಿಗ್ಗೆ ಮಗಳು ಕಿವಿಯಲ್ಲಿ ಹೇಳಿದ ಮಾತನ್ನು ಕೇಳಿ ನಾವು ಅತ್ತೆಯವರ ಮುಖವನ್ನು ನೋಡಿದೆವು. ಅವರು ನಮ್ಮ ಮುಖವನ್ನು ನೋಡಿದರು. ಯಾರೂ ಏನೂ ಹೇಳಲಿಲ್ಲ. "ಇವತ್ತ ಒಂದಿನ ಒಳಗ ಕುಂದ್ರವ್ವಾ, ಮಂದಿ ಅದಾರ" ಎಂದು ಮಗಳಿಗೆ ಹೇಳಿದವರು ನಾವೇ. ಅವಳು ಮರುಮಾತಾಡದೆ ಒಳಗೆ ಹೋದಳು. ಪಡಸಾಲೆಯಲ್ಲಿ ನಾವೆಲ್ಲ ಅಂಗೈಯಲ್ಲಿ ಲಿಂಗವನ್ನಿಟ್ಟುಕೊಂಡು ಕುಳಿತಿದ್ದಾಗ, ಮುಚ್ಚಿದ ಬಾಗಿಲ ಹಿಂದೆ ಒಂದು ಹುಡುಗಿ ಕೊರಳಲ್ಲಿ ಅದೇ ಲಿಂಗವನ್ನು ಧರಿಸಿ, ತಾನು ಮಾಡಿದ ತಪ್ಪೇನೆಂದು ಯೋಚಿಸುತ್ತಿದ್ದಳು. ಪೂಜೆ ಮುಗಿದ ಮೇಲೆ ಪ್ರಸಾದವನ್ನು ಒಳಗೇ ಕಳಿಸಿದೆವು. ಅದನ್ನು ನಾವು ಮರೆತಿದ್ದೆವು. ಅವಳು ಮರೆತಿರಲಿಲ್ಲ.

ಚಿತ್ರದ ತಾಯಿ ಮಗಳನ್ನು ಪ್ರೀತಿಸದವಳಲ್ಲ. ಮಂದಿ ಏನಂದಾರೆಂಬ ಅಂಜಿಕೆ, ಹಿರಿಯರು ನಡೆಸಿದಂತೆ ನಡೆಸಬೇಕೆಂಬ ರೂಢಿ, ಇವೆರಡರ ನಡುವೆ ಅವಳ ಪ್ರೀತಿ ದಾರಿ ತಪ್ಪುತ್ತದೆ. ನಮಗಾದದ್ದೂ ಅಷ್ಟೇ. ಆ ಮನೆಯವರು ಹೆಣ್ಣಿನ ಕೊರಳಿಗೆ ತಾಯಿತ ಕಟ್ಟಿದ್ದು ಅವಳೊಳಗಿನದನ್ನು ಅಡಗಿಸಿಡಲೆಂದು. ನಮ್ಮ ಶರಣರು ಹೆಣ್ಣಿನ ಕೊರಳಿಗೆ ಲಿಂಗವನ್ನು ಕಟ್ಟಿದ್ದು ಅವಳು ಯಾವ ದಿನವೂ, ಯಾರ ಎದುರಿಗೂ ಅಡಗಬೇಕಾಗಿಲ್ಲವೆಂದು. ನಾವು ಮಾತ್ರ ಲಿಂಗವನ್ನು ಕಟ್ಟಿದ ಮೇಲೂ ಬಾಗಿಲನ್ನು ಮುಚ್ಚಿದ್ದೆವು.

"ತಪ್ಪಾತು" ಎಂದೆವು. ಮಗಳಿಗೆ ಹಾಗೆ ಹೇಳಿದ್ದು ಅದೇ ಮೊದಲು. ಅವಳು ಮತ್ತೇನೂ ಕೇಳಲಿಲ್ಲ. ಆದರೆ ಮೂಲೆಯ ಮಂಚದ ಮೇಲೆ ಬತ್ತಿ ಹೊಸೆಯುವ ಕೈಗಳು ನಿಂತಿದ್ದವು.

ಅತ್ತೆಯವರ ಪಾಟೀಚೀಲ

ಅತ್ತೆಯವರಿಗೆ ಎಪ್ಪತ್ತೆಂಟು. ಧಾರವಾಡ ಸೀಮೆಯ ಹಳ್ಳಿಯೊಂದರಲ್ಲಿ ಹುಟ್ಟಿ ಬೆಳೆದವರು. ಮೂರು ಹೊತ್ತು ಲಿಂಗಪೂಜೆ ಮಾಡದೆ ಬಾಯಲ್ಲಿ ನೀರು ಹಾಕದವರು. ಅವರನ್ನು ಎದುರಿಸಿ ಮಾತನಾಡುವ ಧೈರ್ಯ ನಮಗಿರಲಿಲ್ಲ; ಅದರ ಅವಶ್ಯಕತೆಯೂ ಬೀಳಲಿಲ್ಲ. ಎರಡು ದಿನ ಬಿಟ್ಟು ಮೊಮ್ಮಗಳೇ ಅವರ ಮಗ್ಗುಲಲ್ಲಿ ಕುಳಿತು, "ಆಯೀ, ನೀ ದೊಡ್ಡಾಕಿ ಆದಾಗ ಏನ ಮಾಡಿದ್ರು?" ಎಂದು ಕೇಳಿಬಿಟ್ಟಳು.

ಅವರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ನೆಲವನ್ನು ನೋಡುತ್ತ ಹೇಳಿದರು: "ಮುಲ್ಕಿ ಪರೀಕ್ಷಾ ಎಂಟ ದಿನಾ ಇತ್ತವ್ವಾ. ಆವಾಗ ಆದೆ. ಕೊಟಗ್ಯಾನ ಮೂಲ್ಯಾಗ ಕುಂದ್ರಿಸಿದ್ರು. ಪಾಟೀಚೀಲ ಗೂಟಕ್ಕ ಹಾಕಿದ್ದು, ಮತ್ತ ಇಳಸ್ಲೇ ಇಲ್ಲ. ಮಾಸ್ತರು ಮನೀತನಕಾ ಬಂದು ಕೇಳಿದ್ರು. ನಮ್ಮಪ್ಪ ಬಾಗಲದಾಗ ನಿಂತು ಇಲ್ಲಂದ. ಗಣಿತದಾಗ ನಾನ ಮುಂದಿದ್ದೆ."

ಅಂದಿನ ಮುಲ್ಕಿ ಪರೀಕ್ಷೆಯೆಂದರೆ ಏಳನೆಯ ಇಯತ್ತೆಯ ಪರೀಕ್ಷೆ. ಅದರಲ್ಲಿ ಪಾಸಾದವರು ಶಾಲೆಯ ಶಿಕ್ಷಕರಾಗಬಹುದಾದ ಕಾಲವದು. ನಮ್ಮ ಯಜಮಾನರು ತಮ್ಮ ತಾಯಿಯ ಬಾಯಿಂದ ಈ ಮಾತನ್ನು ಕೇಳಿದ್ದು ಅಂದೇ ಮೊದಲು. ಐವತ್ತು ವರ್ಷ ಒಂದೇ ಸೂರಿನ ಕೆಳಗೆ ಬದುಕಿದ ಮಗನಿಗೂ ತಿಳಿಯದ ಸಂಗತಿ, ಹದಿಮೂರರ ಮೊಮ್ಮಗಳು ಕೇಳಿದ ಒಂದು ಮಾತಿನಿಂದ ಹೊರಬಂತು. ಬಿದಿರ ಮೆಳೆಯಲ್ಲಿ ಅಳುತ್ತಿದ್ದ ಹುಡುಗಿ ನಮ್ಮ ಮನೆಯಲ್ಲಿಯೂ ಇದ್ದಳು. ನಾವು ಅವಳನ್ನು ಆವರೆಗೆ ಅತ್ತೆಯೆಂದಷ್ಟೇ ಕಂಡಿದ್ದೆವು.

ಇಷ್ಟರಿಂದ ಎಲ್ಲವೂ ಸರಿಹೋಯಿತೆಂದು ಬರೆದರೆ ಸುಳ್ಳಾದೀತು. ಮುಂದಿನ ತಿಂಗಳು ಆ ದಿನ ಬಂದಾಗ ನಾವು ಅತ್ತೆಯವರ ಬಳಿ ಹೋಗಿ, "ಇವತ್ತ ಆಕಿ ಪೂಜಾಕ್ಕ ಕೂಡ್ತಾಳ್ರಿ" ಎಂದೆವು. ಅವರು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: "ಹೂಂ ಅನ್ನಾಕ ನನ್ನ ನಾಲಿಗಿ ಏಳೂದಿಲ್ಲ. ಬ್ಯಾಡ ಅನ್ನಾಕೂ ಏಳೂದಿಲ್ಲ." ಅಂದು ಅವರು ತಮ್ಮ ಪೂಜೆಯನ್ನು ಬೇಗ ಮುಗಿಸಿ, ಹೊರಗೆ ಕಟ್ಟೆಯ ಮೇಲೆ ಹೋಗಿ ಕುಳಿತರು. ಮಗಳು ನಮ್ಮೊಡನೆ ಕುಳಿತು ಪೂಜೆ ಮಾಡಿದಳು. ಅವಳ ಕೈ ನಡುಗುತ್ತಿತ್ತು, ನಮ್ಮದೂ ನಡುಗುತ್ತಿತ್ತು. ಮನಸ್ಸು ಒಪ್ಪಿದ್ದನ್ನು ಮೈ ಒಪ್ಪಲು ಇನ್ನೂ ಕೆಲವು ದಿನ ಬೇಕೆಂಬುದು ಆಗ ನಮಗೆ ಅರ್ಥವಾಯಿತು. ಎರಡನೆಯ ತಿಂಗಳು ಅತ್ತೆಯವರು ಕಟ್ಟೆಗೆ ಹೋಗಲಿಲ್ಲ, ಅಡುಗೆಮನೆಯಲ್ಲಿದ್ದರು.

ಈ ನಡುವೆ ಯಜಮಾನರು ಒಂದು ಕೆಲಸ ಮಾಡಿದರು. ಮದುವೆಯಾದಾಗಿನಿಂದ ಔಷಧದ ಅಂಗಡಿಗೆ ಹೋಗಿ ಪ್ಯಾಡು ತರುವುದು ನಮ್ಮದೇ ಕೆಲಸ. ಅಂಗಡಿಯವನು ಅದನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ, ಕಪ್ಪು ಚೀಲದಲ್ಲಿ ಹಾಕಿ ಕಳ್ಳಮಾಲಿನಂತೆ ಕೊಡುವುದು, ನಾವು ಸೆರಗಿನ ಮರೆಯಲ್ಲಿ ತರುವುದು. ಒಂದು ಸಂಜೆ ಯಜಮಾನರು ಬಾಳೆಹಣ್ಣು, ಕೊತ್ತಂಬರಿ, ಪ್ಯಾಡಿನ ಪೊಟ್ಟಣ ಮೂರನ್ನೂ ಒಂದೇ ಕೈಚೀಲದಲ್ಲಿ ತಂದು ಮೇಜಿನ ಮೇಲಿಟ್ಟರು. ಏನೂ ಹೇಳಲಿಲ್ಲ. ಚಿತ್ರದಲ್ಲಿಯೂ ತಂದೆ ಹೆಚ್ಚು ಮಾತನಾಡದವನೇ. ಒಮ್ಮೆ ಮಾತ್ರ ಮಗಳ ಬಳಿ ಕುಳಿತು, ಮನುಷ್ಯರೊಳಗೆ ನಾನಾ ಮುಖಗಳಿರುತ್ತವೆ, ಅವುಗಳನ್ನು ಹೊರದಬ್ಬದೆ ಜಾಗ ಕೊಟ್ಟು ಬದುಕಬೇಕೆಂಬ ಅರ್ಥದ ಮಾತುಗಳನ್ನಾಡುತ್ತಾನೆ. ಚಿತ್ರದ ಅತ್ಯಂತ ತೂಕದ ಮಾತು ಅದೇ. ನಮ್ಮ ಯಜಮಾನರು ಅದನ್ನು ಕೈಚೀಲದಲ್ಲಿ ತಂದಿದ್ದರು.

ಚಿತ್ರದ ಬಗ್ಗೆ ಎರಡು ಮಾತು

ಈ ಚಿತ್ರವು ಬಿಡುಗಡೆಯಾದಾಗ ಕೆಲವು ಪಾಲಕರು ಆಕ್ಷೇಪವೆತ್ತಿದ್ದುಂಟು. ಮುಟ್ಟಿನ ವಿಷಯವನ್ನು ಮಕ್ಕಳ ಚಿತ್ರದಲ್ಲಿ ತರಬೇಕೇ, ತಾಯಿಗೆ ಸುಳ್ಳು ಹೇಳಿ ಹಾಡುಗಾರ ಹುಡುಗರ ಕಾರ್ಯಕ್ರಮಕ್ಕೆ ಹೋಗುವ ಮಗಳನ್ನು ಮೆರೆಸಬೇಕೇ ಎಂಬುದು ಅವರ ಪ್ರಶ್ನೆ. ಸುಳ್ಳು ಹೇಳುವುದನ್ನು ನಾವೂ ಒಪ್ಪುವುದಿಲ್ಲ. ಮಗಳೊಡನೆ ಆ ಮಾತನ್ನೂ ಆಡಿದೆವು. "ಆಕಿ ಸುಳ್ಳ ಹೇಳಿದ್ದು ತಪ್ಪ. ಆದ್ರ ಖರೇ ಹೇಳಿದ್ರ ಆಕಿ ಅವ್ವ ಕೇಳ್ತಿದ್ಲೇನು?" ಎಂದು ಮಗಳು ಕೇಳಿದಳು. ಮಕ್ಕಳು ಸುಳ್ಳು ಹೇಳುವ ಮನೆಗಳಲ್ಲಿ, ನಿಜ ಹೇಳಲು ಜಾಗವಿದೆಯೇ ಎಂಬುದನ್ನು ಹಿರಿಯರು ಮೊದಲು ನೋಡಿಕೊಳ್ಳಬೇಕು.

ಇನ್ನು ಮುಟ್ಟಿನ ಮಾತು. ಡೋಮಿ ಶಿ ಅವರ ಕಿರುಚಿತ್ರಕ್ಕೆ 2019ರಲ್ಲಿ ಆಸ್ಕರ್ ದೊರೆತ ಅದೇ ಸಮಾರಂಭದಲ್ಲಿ, ನಮ್ಮ ದೇಶದ ಉತ್ತರ ಪ್ರದೇಶದ ಹಾಪುಡ ಜಿಲ್ಲೆಯ ಹಳ್ಳಿಯೊಂದರ ಹೆಣ್ಣುಮಕ್ಕಳನ್ನು ಕುರಿತ 'ಪೀರಿಯಡ್. ಎಂಡ್ ಆಫ್ ಸೆಂಟೆನ್ಸ್.' ಎಂಬ ಸಾಕ್ಷ್ಯಚಿತ್ರಕ್ಕೂ ಆಸ್ಕರ್ ದೊರೆಯಿತು. ತಮಿಳುನಾಡಿನ ಕೊಯಮತ್ತೂರಿನ ಅರುಣಾಚಲಂ ಮುರುಗಾನಂದಂ ಅವರು ರೂಪಿಸಿದ ಅಗ್ಗದ ಯಂತ್ರದಿಂದ ಆ ಹೆಣ್ಣುಮಕ್ಕಳು ಪ್ಯಾಡು ತಯಾರಿಸಲು ಕಲಿತ ಕಥೆಯದು. ಅದಕ್ಕೂ ಮುಂಚೆ, 2018ರ ಜುಲೈ ತಿಂಗಳಲ್ಲಿ, ಪ್ಯಾಡುಗಳ ಮೇಲಿದ್ದ ಶೇ. 12ರ ಜಿ.ಎಸ್.ಟಿ. ತೆರಿಗೆಯನ್ನು ರದ್ದುಪಡಿಸಲಾಗಿತ್ತು. ದೇಶ ತೆರೆದು ಮಾತನಾಡತೊಡಗಿದೆ. ಎಂಟುನೂರು ವರ್ಷಗಳ ಹಿಂದೆಯೇ ಮಾತನಾಡಿದವರ ಮನೆಗಳಲ್ಲಿ ಮಾತ್ರ ಪಿಸುಮಾತು ಉಳಿಯಬಾರದು.

ತಾಯ್ತಂದೆಯರಿಗೆ

ನಮ್ಮ ಅನುಭವದಿಂದ ನಾಲ್ಕು ಮಾತುಗಳನ್ನು ವಿನಯಪೂರ್ವಕವಾಗಿ ಹಂಚಿಕೊಳ್ಳುತ್ತೇವೆ.

ಮೊದಲನೆಯದು, ಮಕ್ಕಳೊಡನೆ ಚಿತ್ರ ನೋಡಲು ಕುಳಿತಾಗ ಇರಿಸುಮುರಿಸಿನ ದೃಶ್ಯ ಬಂದರೆ ಎದ್ದು ಹೋಗಬೇಡಿ. ನಾವು ಎದ್ದ ಕ್ಷಣದಲ್ಲಿಯೇ ಮಗು ಒಂದು ಪಾಠ ಕಲಿಯುತ್ತದೆ: ಈ ವಿಷಯವನ್ನು ಅವ್ವ ಅಪ್ಪನ ಬಳಿ ಕೇಳುವಂತಿಲ್ಲ. ಬೇಕಾದರೆ ಚಿತ್ರವನ್ನು ಮೊದಲು ನೀವೇ ಒಮ್ಮೆ ನೋಡಿಕೊಳ್ಳಿ.

ಎರಡನೆಯದು, ಚಿತ್ರ ಮುಗಿದೊಡನೆ ಉಪದೇಶಕ್ಕೆ ತೊಡಗಬೇಡಿ. ಸುಮ್ಮನೆ ಕುಳಿತಿರಿ. ಮೊದಲ ಮಾತು ಮಗುವಿನದಾಗಲಿ. ಬಂದ ಪ್ರಶ್ನೆಗೆ ಉತ್ತರ ತಿಳಿಯದಿದ್ದರೆ ತಿಳಿಯದೆಂದು ಹೇಳಿ. ತಪ್ಪು ನಿಮ್ಮದಿದ್ದರೆ ತಪ್ಪೆಂದು ಹೇಳಿ. ಅದರಿಂದ ಹಿರಿತನ ಕುಂದುವುದಿಲ್ಲವೆಂಬುದಕ್ಕೆ ನಾವೇ ಸಾಕ್ಷಿ.

ಮೂರನೆಯದು, ಮೈಯಲ್ಲಾಗುವುದನ್ನು ಆಗುವ ಮುಂಚೆಯೇ ತಿಳಿಸಿ. ಸಾಮಾನ್ಯವಾಗಿ ಹತ್ತರಿಂದ ಹದಿನೈದು ವರ್ಷದೊಳಗೆ ಮುಟ್ಟು ಆರಂಭವಾಗುತ್ತದೆ. ಮೊದಲ ಒಂದೆರಡು ವರ್ಷ ದಿನಗಳು ಹಿಂದು ಮುಂದಾಗುವುದು ಸಹಜ. ಪ್ಯಾಡನ್ನು ನಾಲ್ಕರಿಂದ ಆರು ತಾಸಿಗೊಮ್ಮೆ ಬದಲಿಸಬೇಕು. ಬಟ್ಟೆ ಬಳಸುವವರು ಅದನ್ನು ಕತ್ತಲೆಯ ಮೂಲೆಯಲ್ಲಿ ಅಡಗಿಸದೆ, ಚೆನ್ನಾಗಿ ಒಗೆದು ಬಿಸಿಲಿನಲ್ಲಿ ಒಣಗಿಸಬೇಕು. ಏಳು ದಿನ ಮೀರಿ ರಕ್ತ ಹೋಗುತ್ತಿದ್ದರೆ, ಶಾಲೆಗೆ ಹೋಗಲಾರದಷ್ಟು ಹೊಟ್ಟೆನೋವಿದ್ದರೆ, ಹದಿನೈದು ತುಂಬಿದರೂ ಮುಟ್ಟಾಗದಿದ್ದರೆ ವೈದ್ಯರನ್ನು ಕಾಣಬೇಕು. ಸಜ್ಜೆಯ ರೊಟ್ಟಿ, ಕಾಳಿನ ಪಲ್ಲೆ, ಹಸಿರು ಸೊಪ್ಪು ಹೆಣ್ಣುಮಕ್ಕಳ ತಾಟಿನಲ್ಲಿ ಗಂಡುಮಕ್ಕಳಷ್ಟೇ ಇರಲಿ. ಮನೆಯಲ್ಲಿ ಗಂಡುಮಗನಿದ್ದರೆ ಈ ಮಾತುಗಳನ್ನಾಡುವಾಗ ಅವನನ್ನು ಹೊರಗೆ ಕಳಿಸಬೇಡಿ. ನಾಳೆ ಅವನೂ ಒಬ್ಬ ಮಗಳ ತಂದೆ.

ನಾಲ್ಕನೆಯದು, ನಿಮ್ಮ ಕಥೆಯನ್ನು ಮಕ್ಕಳಿಗೆ ಹೇಳಿ. ಹಿರಿಯರ ಕಥೆಯನ್ನು ಅವರಿಂದಲೇ ಕೇಳಿಸಿ. ನಮ್ಮ ಮನೆಯಲ್ಲಿ ವಾದದಿಂದ ತೆರೆಯದ ಬಾಗಿಲು ಒಂದು ಪಾಟೀಚೀಲದ ಕಥೆಯಿಂದ ಸ್ವಲ್ಪವಾದರೂ ತೆರೆಯಿತು.

ಮೊನ್ನಿನ ಶಿವರಾತ್ರಿ

ಬಾಗೇವಾಡಿಯ ಬಾಲಕ ಬಸವಣ್ಣನವರ ಕಥೆಯನ್ನು ನಾವೆಲ್ಲ ಬಲ್ಲೆವು. ಎಂಟರ ಹರೆಯದಲ್ಲಿ ಜನಿವಾರ ಹಾಕಲು ಬಂದಾಗ, ಅಕ್ಕ ನಾಗಮ್ಮನಿಗೆ ಇಲ್ಲದ್ದು ತನಗೇಕೆಂದು ಕೇಳಿ ಅವರು ಮನೆಯನ್ನೇ ತೊರೆದರೆಂಬ ಕಥನ ನಮ್ಮಲ್ಲಿ ಬೆಳೆದು ಬಂದಿದೆ. ಉಡುತಡಿಯ ಮಹಾದೇವಿ ಹರೆಯದಲ್ಲಿಯೇ ಮನೆಯ ಹೊಸ್ತಿಲು ದಾಟಿ ಕಲ್ಯಾಣಕ್ಕೆ, ಅಲ್ಲಿಂದ ಶ್ರೀಶೈಲಕ್ಕೆ ನಡೆದರು. ಬೆಳೆಯುತ್ತಿರುವ ಮಗುವೊಂದು ಹಿರಿಯರಿಗೆ ಕೇಳಿದ ಪ್ರಶ್ನೆಯೇ ನಮ್ಮ ಧರ್ಮದ ಮೊದಲ ಮಾತು ಎಂದರೆ ತಪ್ಪಾಗಲಾರದು. ಅಂಥ ಧರ್ಮದವರು ಮಗಳ ಪ್ರಶ್ನೆಗೆ ಅಂಜಿದರೆ ಹೇಗೆ?

ಮೊನ್ನೆ ಶಿವರಾತ್ರಿಯ ದಿನವೇ ಮಗಳಿಗೆ ಆ ದಿನವೂ ಬಂದಿತು. ಮನೆತುಂಬ ಬಂಧುಗಳಿದ್ದರು. ಸಂಜೆ ಪೂಜೆಗೆ ಎಲ್ಲರೂ ಕುಳಿತಾಗ ಮಗಳು ತನ್ನ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ನಾವು ಕರೆಯಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಜಗಲಿಯ ಮುಂದಿನಿಂದ ಅತ್ತೆಯವರ ದನಿ ಕೇಳಿಸಿತು:

"ಯವ್ವಾ, ಹೊತ್ತಾತು. ಬಾ, ನನ್ನ ಮಗ್ಗಲಾ ಕೂಡು."

ಮಗಳು ಬಂದು ಕುಳಿತಳು. ಅತ್ತೆಯವರು ತಮ್ಮ ಕೈಯಾರೆ ಅವಳ ಹಣೆಗೆ ವಿಭೂತಿ ಹಚ್ಚಿದರು. ಬಂಧುಗಳಲ್ಲಿ ಯಾರಿಗೂ ಏನೂ ತಿಳಿಯಲಿಲ್ಲ; ತಿಳಿಯಬೇಕಾದ ಮೂವರಿಗೆ ತಿಳಿಯಿತು.